ಕಪ್ಪು ಕಾರು, ಚಿನ್ನದ ಗೆರೆ

ಅರವತ್ತು ದಾಟಿದವನು ಅಂಗಡಿಗೆ ಹೋಗಿ ಕಾರಿನ ಕಿಟ್ ಕೇಳಿದರೆ ಅಂಗಡಿಯವನು ಮೊದಲು ವಿಚಾರಿಸುವುದು ಮೊಮ್ಮಗನ ವಯಸ್ಸನ್ನು. ನನ್ನ ಮೊಮ್ಮಗನಿಗೆ ಇದರಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲ. ಕಾರು ಬೇಕಾದದ್ದು ನನಗೇ. ‘ಅರವತ್ತಕ್ಕೆ ಅರಳು ಮರಳು’ ಎನ್ನುವುದನ್ನು ನನ್ನಾಕೆ ಬಿಟ್ಟು ವರ್ಷಗಳಾದವು. ಈಗ ‘ಬಾಲ್ಕನಿ ಬಾಗಿಲು ಹಾಕಿಕೊಳ್ಳಿ, ಥಿನ್ನರ್ ವಾಸನೆ ಅಡಿಗೆಮನೆಗೆ ಬರುತ್ತೆ’ ಎಂದಷ್ಟೇ ಹೇಳುತ್ತಾಳೆ.

ಇದು ಆಟಿಕೆಯಲ್ಲ ಎಂದು ಎಷ್ಟು ಜನಕ್ಕೆ ಹೇಳಲಿ? ನಿಜವಾದ ರೇಸ್ ಕಾರನ್ನು ಅಳತೆ ತಪ್ಪದಂತೆ ಕುಗ್ಗಿಸಿ, ಬಿಡಿಭಾಗಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದು ಪೆಟ್ಟಿಗೆಯಲ್ಲಿ ಕೊಡುತ್ತಾರೆ. ಜಪಾನಿನ ತಮಿಯಾ ಕಂಪನಿ 1967ರಲ್ಲಿ ಹೋಂಡಾದ ರೇಸ್ ಕಾರನ್ನು 1/12 ಅಳತೆಯಲ್ಲಿ ಹೊರತಂದಿತು. ನನ್ನ ಮೇಜಿನ ಮೇಲಿರುವುದು 1/20 ಅಳತೆಯ ಲೋಟಸ್ 79. ಒಂದು ಗೇಣಿಗಿಂತ ತುಸು ಉದ್ದ.

ಈ ಕಾರನ್ನೇ ಆರಿಸಿದ್ದಕ್ಕೆ ಕಾರಣ ನಮ್ಮಣ್ಣ. ಊರಿನಿಂದ ನನ್ನನ್ನು ಮುಂಬಯಿಗೆ ಕರೆತಂದು ತನ್ನ ಖೋಲಿಯಲ್ಲಿ ಜಾಗ ಕೊಟ್ಟವನು ಅವನು. ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಹಳೆಯ ವಿದೇಶಿ ಪತ್ರಿಕೆಗಳನ್ನು ಕೊಂಡು ತರುತ್ತಿದ್ದ. ಅಂಥದೊಂದರಲ್ಲಿ 1978ರ ಈ ಕಾರಿನ ಚಿತ್ರವಿತ್ತು: ಕಡುಗಪ್ಪು ಮೈ, ಅಂಚಿಗೆ ಕೂದಲೆಳೆಯಂಥ ಚಿನ್ನದ ಗೆರೆ. ಆ ವರ್ಷ ಮಾರಿಯೋ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದದ್ದು ಬಹುಮಟ್ಟಿಗೆ ಇದರಲ್ಲೇ. ಅಣ್ಣ ಚಿತ್ರವನ್ನು ಗೋಡೆಗೆ ಅಂಟಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದ್ದ: ‘ನೋಡೋ, ವಿಮಾನದ ರೆಕ್ಕೆ ತಲೆಕೆಳಗು ಮಾಡಿದ ಹಾಗಿದೆ ಪಕ್ಕದ ಭಾಗದ ಅಡಿ. ಗಾಳಿ ವಿಮಾನವನ್ನ ಮೇಲಕ್ಕೆತ್ತಿದರೆ ಇದನ್ನ ನೆಲಕ್ಕೆ ಒತ್ತುತ್ತೆ.’ ಹೇಳುವಾಗ ಬೆರಳ ಸಂದಿಯಲ್ಲಿ ಸಿಗರೇಟು. ಯಾವಾಗಲೂ ಇರುತ್ತಿತ್ತು. 2011ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅವನನ್ನು ಒಯ್ದಿತು.

ಕಪ್ಪು ಬಣ್ಣ ಹಚ್ಚುವುದು ಸುಲಭವೆಂದು ತಿಳಿದವರು ಹಚ್ಚಿ ನೋಡಲಿ. ಬಿಳಿಯಲ್ಲಿ ಅಡಗುವ ದೂಳು ಹೊಳೆಯುವ ಕಪ್ಪಿನಲ್ಲಿ ಸಾಸಿವೆಯಂತೆ ಕಾಣುತ್ತದೆ. ನಮ್ಮ ಆಯುಧವೆಂದರೆ ಏರ್‌ಬ್ರಷ್. ದಪ್ಪ ಪೆನ್ನಿನ ಗಾತ್ರ, ಒಳಗೊಂದು ಸೂಜಿ, ತುದಿಯಲ್ಲಿ 0.3 ಮಿಲಿಮೀಟರಿನ ರಂಧ್ರ. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಬಣ್ಣ ಹಾಲಿನಷ್ಟು ತೆಳುವಾಗಿರಬೇಕು. ಮೊದಲು ಇಬ್ಬನಿ ಬಿದ್ದಂತೆ ಎರಡು ಸಲ ತೆಳ್ಳಗೆ, ಆಮೇಲೆ ಒಂದು ಸಲ ಒದ್ದೆಯಾಗಿ. ಕೈ ನಿಂತಲ್ಲೇ ನಿಂತಿತೋ, ಬಣ್ಣ ಇಳಿಯಿತೆಂದೇ ಲೆಕ್ಕ. ದೂಳು ಅಡಗಲೆಂದು ನೆಲಕ್ಕೆ ನೀರು ಚಿಮುಕಿಸುತ್ತೇನೆ; ಹಚ್ಚಿದ್ದನ್ನು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬೋರಲು ಹಾಕಿ ಮುಚ್ಚಿಡುತ್ತೇನೆ.

ಮುಂಬಯಿಯ ಮಳೆಗಾಲದಲ್ಲಿ ಈ ಕೆಲಸ ಬಂದ್. ಲ್ಯಾಕರ್ ಬಣ್ಣದ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವೆಲ್ಲ ಅಲ್ಲಿ ಕೂರುತ್ತದೆ. ಕಪ್ಪು ಕಾರು ಬೂದಿ ಬಳಿದುಕೊಂಡ ಬೈರಾಗಿಯಾಗುತ್ತದೆ. ಆದ್ದರಿಂದ ಡಿಸೆಂಬರಿನಿಂದ ಫೆಬ್ರವರಿವರೆಗೆ ನನ್ನ ಸುಗ್ಗಿ. ಅಣ್ಣನ ಕೊನೆಯ ತಿಂಗಳುಗಳನ್ನು ನೋಡಿದ ಮೇಲೆ ಮಾಸ್ಕ್ ಹಾಕದೆ ಗುಂಡಿ ಮುಟ್ಟುವುದಿಲ್ಲ.

ಕಳೆದ ಚಳಿಗಾಲದಲ್ಲಿ ಕಪ್ಪು ಕೂತಿತು, ಚಿನ್ನದ ಗೆರೆಗಳೂ ಕೂತವು. ಉಳಿದದ್ದು ಅಕ್ಷರ. ಲೋಟಸ್ಸಿನ ಮುಖ್ಯಸ್ಥ ಕಾಲಿನ್ ಚಾಪ್ಮನ್ 1968ರಲ್ಲಿ ತಂಡದ ಹಸಿರು ಬಣ್ಣ ಬಿಟ್ಟು ಸಿಗರೇಟಿನ ಬಣ್ಣಗಳನ್ನು ಕಾರಿಗೆ ಬಳಿದ. 1972ರಿಂದ ಈ ಕಪ್ಪು-ಚಿನ್ನ ಬಂತು. ನಾವಿಬ್ಬರೂ ಮೆಚ್ಚಿದ ಚೆಲುವು, ಸರಿಯಾಗಿ ನೋಡಿದರೆ, ಸಿಗರೇಟು ಪ್ಯಾಕಿನ ಚೆಲುವು. ಈಗಿನ ಎಷ್ಟೋ ಕಿಟ್‌ಗಳಲ್ಲಿ ತಂಬಾಕಿನ ಹೆಸರು ಇರುವುದಿಲ್ಲ, ನನ್ನದರಲ್ಲೂ ಇರಲಿಲ್ಲ. ಬೇಕಾದವರಿಗೆ ಸಣ್ಣ ಪುಟ್ಟ ಕಂಪನಿಗಳು ಆ ಅಕ್ಷರಗಳನ್ನು ಬೇರೆಯೇ ಅಚ್ಚು ಮಾಡಿ ಮಾರುತ್ತವೆ. ತರಿಸಿಕೊಂಡೆ. ಅಂಗೈಯಗಲದ ಹಾಳೆ ಎರಡು ತಿಂಗಳು ಡ್ರಾಯರಿನಲ್ಲೇ ಬಿದ್ದಿತ್ತು.

ಅಣ್ಣ ಸೇದುತ್ತಿದ್ದುದು ಬೇರೆ ಸಿಗರೇಟು, ನಿಜ. ಆದರೂ ಅವನ ನೆನಪಿಗೆಂದು ಕಟ್ಟಿದ ಕಾರಿನ ಮೇಲೆ ನನ್ನ ಕೈಯಾರೆ ಸಿಗರೇಟಿನ ಹೆಸರು ಬರೆಯುವುದೇ? ಬಿಟ್ಟರೆ ಅದು ಬೇರೆ ಯಾವುದೋ ಕಪ್ಪು ಕಾರು, ಗೋಡೆಯ ಮೇಲಿದ್ದದ್ದಲ್ಲ. ಈ ಹವ್ಯಾಸದಲ್ಲಿ ಒಂದು ಬೋಲ್ಟಿನ ಬಣ್ಣಕ್ಕೂ ಹಳೆಯ ಫೋಟೋ ಹುಡುಕುವವರು ನಾವು. ಇದ್ದದ್ದನ್ನು ಇದ್ದ ಹಾಗೆ ತೋರಿಸದಿದ್ದರೆ ಅಂಗಡಿಯವನ ಮಾತೇ ನಿಜ, ಇದು ಆಟಿಕೆ. ಒಂದು ಸಂಜೆ ಅಕ್ಷರಗಳನ್ನು ಕತ್ತರಿಸಿ, ಬೆಚ್ಚನೆ ನೀರಿನಲ್ಲಿ ನೆನೆಸಿ, ಒದ್ದೆ ಕುಂಚದಿಂದ ಕಾಗದದ ಮೇಲಿಂದ ಜಾರಿಸಿ ಕೂರಿಸಿದೆ.

ಯುಗಾದಿಗೆ ಪುಣೆಯಿಂದ ಅತ್ತಿಗೆ ಬಂದಿದ್ದರು. ಕಾರನ್ನು ಬಟ್ಟೆ ಮುಚ್ಚಿ ಬದಿಗಿಡೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ಅವರೇ ಕನ್ನಡಕ ಏರಿಸಿಕೊಂಡು ಮೇಜಿನ ಹತ್ತಿರ ಬಗ್ಗಿದ್ದರು. ಖೋಲಿಯ ಗೋಡೆಯನ್ನು ಅವರೂ ಬಲ್ಲವರೇ. ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಬಹಳ ಹೊತ್ತು ಮಾತಿಲ್ಲ.

‘ನಿಮ್ಮಣ್ಣ ನೋಡಿದ್ದಿದ್ದರೆ ಖುಷಿಗೆ ಇನ್ನೊಂದು ಹಚ್ಚುತ್ತಿದ್ದರು’ ಎಂದರು. ಆಮೇಲೆ, ಇಷ್ಟು ಕಪ್ಪಿಗೆ ದೂಳು ಬೇಗ ಕಾಣುತ್ತೆ, ಗಾಜಿನ ಪೆಟ್ಟಿಗೆ ಮಾಡಿಸಿ, ದುಡ್ಡು ನಾನು ಕೊಡುತ್ತೇನೆ ಎಂದರು.