ಮಲ್ಪೆಯ ಕಡಲು, ಬೂತಾಯಿಯ ಎಣ್ಣೆ

ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು ಆರು ಕಿ.ಮೀ. ಸಾಗಿದರೆ ಮಲ್ಪೆ ಬಂದರು. ಪ್ರವಾಸಿಗರು ದೋಣಿಯೇರಿ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಿ ಮರಳುತ್ತಾರೆ; ಬುಟ್ಟಿಯಲ್ಲಿ ಹೊಳೆಯುವ ಬೂತಾಯಿಯತ್ತ ಕಣ್ಣು ಹಾಯಿಸುವವರು ಕಡಿಮೆ. ಉತ್ತರ ಕನ್ನಡದವರಿಗೆ ಇದೇ ತಾರ್ಲೆ. ಮಳೆಗಾಲ ಕಳೆದ ಮೇಲೆ ಸಿಗುವ ಕೊಬ್ಬಿದ ಬೂತಾಯಿ ಕಾವಲಿಯ ಮೇಲೆ ತನ್ನದೇ ಎಣ್ಣೆ ಬಿಡುತ್ತದೆ.

ಈ ಎಣ್ಣೆ ಬಂದದ್ದೆಲ್ಲಿಂದ? ಮುಂಗಾರಿನಲ್ಲಿ ಕಡಲಾಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಆಗ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಮಿದುಳು, ಕಣ್ಣುಗಳಿಗೆ ಬೇಕಾದ ಒಮೆಗಾ-3 ಕೊಬ್ಬಿನಾಮ್ಲಗಳನ್ನು ತಯಾರಿಸುವುದು ಇಂಥ ಪಾಚಿಗಳೇ; ಮೀನು ತಿಂದು ಕೂಡಿಡುತ್ತದೆ, ಅಷ್ಟೆ.

ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ, ಎಳ್ಳೆಣ್ಣೆ ಹೆಪ್ಪುಗಟ್ಟುವುದಿಲ್ಲ. ಮೊದಲನೆಯದರಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚು, ಎರಡನೆಯದರಲ್ಲಿ ಅಪರ್ಯಾಪ್ತ. ತಣ್ಣೀರಿನ ಜೀವಿಗಳ ಕೋಶಪೊರೆ ಮೆದುವಾಗಿರಲು ಅಪರ್ಯಾಪ್ತ ಕೊಬ್ಬು ಬೇಕು. ನೀರು ಬೆಚ್ಚಗಾದರೆ ಆ ಅಗತ್ಯ ತಗ್ಗುತ್ತದೆ. ಪಾಚಿಯಲ್ಲೂ ಅದನ್ನು ತಿನ್ನುವ ಪ್ರಾಣಿಗಳಲ್ಲೂ ಒಮೆಗಾ-3ರ ಪಾಲು ಇಳಿಯುವ ಸಂಭವವಿದೆ. ಉಷ್ಣವಲಯದ ಹಿಂದೂ ಮಹಾಸಾಗರ 1950ರಿಂದ 2020ರವರೆಗೆ ಶತಮಾನಕ್ಕೆ ಸುಮಾರು 1.2 ಡಿಗ್ರಿ ಸೆ. ದರದಲ್ಲಿ ಬಿಸಿಯಾಗಿದೆ.

ಸಾಲದೆಂಬಂತೆ, ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗಿ ಜಗತ್ತಿನ ಕಡಲ ಮೇಲ್ನೀರಿನ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಪುಟ್ಟದು. ಲಾಗರಿದಮ್ ಕಲಿತ ಮಕ್ಕಳು ಲೆಕ್ಕ ಹಾಕಲಿ: ಹೈಡ್ರೋಜನ್ ಅಯಾನುಗಳು ಕಾಲುಭಾಗದಷ್ಟು ಹೆಚ್ಚಿದಂತಾಯಿತು! ಮೈಯೊಳಗಿನ ಆಮ್ಲವನ್ನು ಹದದಲ್ಲಿಡಲು ಕಡಲ ಪ್ರಾಣಿಗಳಿಗೆ ಹೆಚ್ಚಿನ ಶಕ್ತಿ ಬೇಕು. ಎಷ್ಟೋ ಸಲ ಅದಕ್ಕೆ ಕರಗುವುದು ಕೂಡಿಟ್ಟ ಕೊಬ್ಬೇ.

ಅಂಗಡಿಯ ಮೀನೆಣ್ಣೆ ಗುಳಿಗೆ ಕೊಳ್ಳಲಾಗದ ಕರಾವಳಿಯ ಮನೆಗಳಲ್ಲಿ ಮಕ್ಕಳ ತಟ್ಟೆಗೆ ಒಮೆಗಾ-3 ಬರುವುದು ಈ ಅಗ್ಗದ ಮೀನಿನಿಂದ.