ಸಿನಿಮಾ ಹುಚ್ಚು

ನನಗೆ ಸಿನಿಮಾ ಹುಚ್ಚು ಎಂದು ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಆದರೆ ‘ಹುಚ್ಚು’ ಎಂಬ ಮಾತನ್ನು ನನ್ನ ತವರಿನಲ್ಲಿ ಇಷ್ಟು ಹಗುರವಾಗಿ ಆಡುವಂತಿರಲಿಲ್ಲ. ಅದಕ್ಕೂ ಒಂದು ಸಿನಿಮಾವೇ ಕಾರಣ.

ನನ್ನ ತವರು ಇಂಡಿ. ನಿಂಬೆಯ ತೋಟದವರು ನಾವು. ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಜಿನ ಡೇರೆ ಏಳುತ್ತಿತ್ತು. ಸಂಜೆ ಅಲ್ಲಿಂದ ಹಾಡು ಕೇಳಿಸಿತೆಂದರೆ ನಮಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಂಡಸರು ಒಂದು ಕಡೆ, ಹೆಣ್ಣುಮಕ್ಕಳು ಇನ್ನೊಂದು ಕಡೆ. ನಾವು ಕೌದಿ ಹಾಸಿಕೊಂಡು, ಶೇಂಗಾ ಸುಲಿಯುತ್ತ ಕೂಡುತ್ತಿದ್ದೆವು. ರೀಲು ಬದಲಿಸಲು ದೀಪ ಹಾಕಿದಾಗ ಯಾರು ಯಾರು ಅತ್ತಿದ್ದಾರೆಂದು ತಿಳಿಯುತ್ತಿತ್ತು.

ನಮ್ಮದು ಕೂಡು ಕುಟುಂಬ. ಚಿಗವ್ವ ಬಸವನ ಬಾಗೇವಾಡಿಯ ಮಗಳು. ಎರಡನೆಯ ಹೆರಿಗೆಯಾದ ಮೇಲೆ ಆಕೆ ಮಾತು ಬಿಟ್ಟಳು, ನಿದ್ದೆ ಬಿಟ್ಟಳು. ಗಾಳಿ ಎಂದರು, ತಾಯತ ಕಟ್ಟಿಸಿದರು, ಕೊನೆಗೆ ಧಾರವಾಡದ ಆಸ್ಪತ್ರೆಗೆ ಒಯ್ದರು. ಕೆಲವು ತಿಂಗಳಲ್ಲಿ ಗುಣವಾಗಿ ಬಂದಳು. ಬಂದರೇನು? ಒಲೆಯ ಹತ್ತಿರ ಬಿಡಲಿಲ್ಲ, ಈಳಿಗೆ ಕೈಗೆ ಕೊಡಲಿಲ್ಲ. ಕೂಸನ್ನು ಅಜ್ಜಿಯೇ ಹಿಡಿದುಕೊಂಡಿರುತ್ತಿದ್ದಳು. ಚಿಗವ್ವ ಸ್ವಲ್ಪ ಜೋರಾಗಿ ನಕ್ಕರೂ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಆಗ ‘ಶರಪಂಜರ’ ಬಂತು. 1971ರ ಚಿತ್ರ, ನಮ್ಮ ಡೇರೆಗೆ ಬರುವಾಗ ಒಂದೆರಡು ವರ್ಷ ಹಳೆಯದಾಗಿತ್ತು. ಮನೆ ಕಾಯಲು ಚಿಗವ್ವನನ್ನೂ, ಚಿಗವ್ವನನ್ನು ಕಾಯಲು ಅಜ್ಜಿಯನ್ನೂ ಬಿಟ್ಟು ನಾವೆಲ್ಲ ಹೋದೆವು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರು ಹುಚ್ಚಿಯಂತೆಯೇ ಕಾಣುತ್ತಾರೆ. ಕಲ್ಪನಾ ತೆರೆಯ ಮೇಲೆ ನಿಂತಿದ್ದರೂ ನಮಗೆ ಕಂಡದ್ದು ಚಿಗವ್ವ. ಆ ರಾತ್ರಿ ದೀಪ ಹತ್ತಿದಾಗ ಅವ್ವ ಕಣ್ಣು ಒರೆಸಿಕೊಳ್ಳಲೂ ಇಲ್ಲ, ಸುಮ್ಮನೆ ಕುಳಿತಿದ್ದಳು.

ಮರುದಿನ ಬೆಳಿಗ್ಗೆ ಅವ್ವ ಕೂಸನ್ನು ಅಜ್ಜಿಯ ತೊಡೆಯಿಂದ ಎತ್ತಿ ಚಿಗವ್ವನ ಉಡಿಯಲ್ಲಿ ಇಟ್ಟಳು.

“ತಗೋ ತಂಗಿ, ಹಸದೈತಿ.”

ಅಜ್ಜಿ ಬಾಯಿ ತೆರೆದಳು. ಅತ್ತೆಯ ಮುಂದೆ ಎಂದೂ ದನಿ ಎತ್ತದ ಅವ್ವ ಹೇಳಿದಳು: “ಅಕಿ ಆರಾಮ ಆಗ್ಯಾಳರಿ ಅತ್ತೀ. ಹುಚ್ಚು ಅನ್ನೂ ಮಾತು ಇನ್ನ ಈ ಮನ್ಯಾಗ ಬ್ಯಾಡ.”

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತೆಂದರೆ ಸುಳ್ಳಾದೀತು. ಈಳಿಗೆ ಚಿಗವ್ವನ ಕೈಗೆ ಬರಲು ಇನ್ನೂ ಒಂದು ವರ್ಷ ಹಿಡಿಯಿತು. 1979ರ ಮೇ ತಿಂಗಳಲ್ಲಿ, ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ಕಲ್ಪನಾ ತೀರಿಕೊಂಡ ಸುದ್ದಿ ಬಂದ ದಿನ ಅವ್ವ ಊಟ ಮಾಡಲಿಲ್ಲ.

ನಾನು ಸಿಂದಗಿಗೆ ಸೊಸೆಯಾಗಿ ಹೋದೆ. ಅವ್ವ ನೋಡಗೊಡದಿದ್ದ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರವನ್ನು ಅಲ್ಲಿ ಗಂಡನ ಜೊತೆ ನೋಡಿದೆ. ಹೊಡೆದಾಟದ ಚಿತ್ರಗಳು ನನಗೆ ಆಗಲೂ ಸೇರಲಿಲ್ಲ, ಈಗಲೂ ಸೇರುವುದಿಲ್ಲ. ಹೆಂಗಸಿನ ಮನಸ್ಸಿನೊಳಗೆ ಇಣುಕುವ ಚಿತ್ರವಿದ್ದರೆ ಒಲೆಯ ಮೇಲಿನ ಹಾಲನ್ನೂ ಮರೆತೇನು.

1983ರಲ್ಲಿ ‘ಕ್ರಾಂತಿಯೋಗಿ ಬಸವಣ್ಣ’ ಬಿಡುಗಡೆಯಾಯಿತು. ಬಸವಣ್ಣ ಹುಟ್ಟಿದ ಊರಿನಲ್ಲಿಯೇ ಅದನ್ನು ನೋಡಬೇಕೆಂಬ ಆಸೆಯಿಂದ ಬಾಗೇವಾಡಿಗೆ ಹೋದೆ. ಚಿಗವ್ವ ಆಗ ತವರಿಗೆ ಬಂದಿದ್ದಳು. ಅವಳನ್ನೂ ಕರೆದುಕೊಂಡು ಹೋದೆ. ಮರಳುವ ದಾರಿಯಲ್ಲಿ ಆಕೆ ಮೆಲ್ಲಗೆ ಕೇಳಿದಳು:

“ಅವತ್ತ ನನ್ನ ಬಿಟ್ಟ ನೋಡಿ ಬಂದ್ರೆಲ್ಲ, ಆ ಸಿನಿಮಾದಾಗ ಕಡೀಕ ಅಕಿ ಏನಾದ್ಲು?”

ಕಾವೇರಿ ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆಂದು ಹೇಗೆ ಹೇಳಲಿ? “ಮಕ್ಕಳ ಜೋಡಿ ಮನ್ಯಾಗ ಆರಾಮ ಇರ್ತಾಳ” ಎಂದೆ. ತ್ರಿವೇಣಿಯವರೂ ಪುಟ್ಟಣ್ಣನವರೂ ನನ್ನನ್ನು ಕ್ಷಮಿಸಲಿ.

ಮುಂದೆ ಗಂಡನಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಮನೆಗೆ ಟಿವಿ ಬಂತು. ಚಿಗವ್ವ ನಮ್ಮಲ್ಲಿಗೆ ಬಂದಿದ್ದಾಗಲೇ ಒಂದು ದಿನ ಟಿವಿಯಲ್ಲಿ ‘ಶರಪಂಜರ’ ಹಾಕಬೇಕೆ! ಆರಿಸಲು ಎದ್ದೆ, ಆಕೆ ಕೈ ಹಿಡಿದು ಕೂಡಿಸಿದಳು. ಕೊನೆಯವರೆಗೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಅಂದಳು:

“ಸುಳ್ಳ ಹೇಳಿದ್ದೆಲ್ಲ ಯವ್ವಾ? ಛಲೋ ಮಾಡಿದಿ. ಅವತ್ತ ನನಗ ಅದs ಬೇಕಾಗಿತ್ತು.”