ಅವ್ವನ ಕೈಯ ಬಣ್ಣ



ದಸರೆಯೆಂದರೆ ನಮ್ಮ ಮುಂಬಯಿಯ ಲೋಕಲ್ ಗಾಡಿಗಳಿಗೂ ಹಬ್ಬವೇ. ಡಬ್ಬಿಯ ಬಾಗಿಲಿಗೆ ತೋರಣ, ಕಿಟಕಿಗೆ ಚೆಂಡುಹೂವಿನ ಮಾಲೆ. ಆದರೆ ಎರಡು ದಿನ ಕಳೆಯುವುದರೊಳಗೆ ಆ ಹೂವೆಲ್ಲ ಕಸದ ಪಾಲು. ಕಳೆದ ವರ್ಷ ಶಾಲೆಯ ಬಾಗಿಲಿನಿಂದ ಇಳಿಸಿದ ಮಾಲೆಗಳನ್ನು ಎಸೆಯಲು ಮನಸ್ಸಾಗದೆ, ಚೀಲದಲ್ಲಿ ತುಂಬಿಕೊಂಡು ಚಾಳಿನ ನನ್ನ ಖೋಲಿಗೆ ಒಯ್ದೆನು. ಹೂವಿನಿಂದ ಬಟ್ಟೆಗೆ ಬಣ್ಣ ಕಟ್ಟಬಹುದೆಂದು ತರಗತಿಯಲ್ಲಿ ಹೇಳಿದ್ದೆನು. ಹೇಳಿದವನು ಮಾಡಿ ತೋರಿಸಬೇಕಷ್ಟೆ!

ಎಸಳುಗಳನ್ನು ಕುದಿಸಿ, ಸೋಸಿ, ಬಿಳಿಯ ಕರವಸ್ತ್ರವೊಂದನ್ನು ಅದರಲ್ಲಿ ಅದ್ದಿದೆನು. ಬಂಗಾರದಂತಹ ಬಣ್ಣ ಬಂದಿತು. ಮರುದಿನ ತರಗತಿಯಲ್ಲಿ ಅದನ್ನು ಹೆಮ್ಮೆಯಿಂದ ಎತ್ತಿ ತೋರಿಸಿದೆನು. ವಿದ್ಯಾರ್ಥಿನಿಯೊಬ್ಬಳು ಅದನ್ನು ನಲ್ಲಿಗೆ ಒಯ್ದು ಸಾಬೂನು ಹಚ್ಚಿ ತಿಕ್ಕಿದಳು. ಬಂಗಾರವೆಲ್ಲ ನೀರಿನೊಡನೆ ಹರಿದುಹೋಯಿತು! "ಬಣ್ಣ ಯಾಕೆ ನಿಲ್ಲಲಿಲ್ಲ, ಸರ್?" ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಬಲ್ಲವರು ಯಾರೆಂಬುದು ಮಾತ್ರ ನನಗೆ ಗೊತ್ತಿದ್ದಿತು. ಅವರನ್ನು ಕೇಳಲು ನಾಚಿಕೆಯಾಯಿತು. ಆ ನಾಚಿಕೆಯ ಕಾರಣವನ್ನು ಇಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ನನ್ನ ಊರು ಬಾಗಲಕೋಟೆ ಜಿಲ್ಲೆಯ ಇಳಕಲ್ಲು; ಸೀರೆಗಳಿಗೆ ಹೆಸರಾದ ಊರು. ನನ್ನ ಅವ್ವ ಅಲ್ಲಿ ನೂಲಿಗೆ ಬಣ್ಣ ಹಾಕುವ ಕೂಲಿ ಕೆಲಸ ಮಾಡುತ್ತಿದ್ದಳು. ಅವಳ ಅಂಗೈ ಒಂದು ದಿನ ಕೆಂಪು, ಒಂದು ದಿನ ಕಪ್ಪು. ನಾನು ಏಳನೆಯ ತರಗತಿಯಲ್ಲಿದ್ದಾಗ ಒಮ್ಮೆ ಬುತ್ತಿ ಮರೆತುಹೋಗಿದ್ದೆನು. ಅವ್ವ ಕೆಲಸದ ನಡುವೆಯೇ ಎದ್ದು ಅದನ್ನು ಶಾಲೆಗೆ ತಂದಳು. "ಇವರು ಯಾರೋ?" ಎಂದು ಗೆಳೆಯನು ಕೇಳಿದನು. ಅವಳ ಕೈಗಳನ್ನು ನೋಡಿ ನಾನು, "ನಮ್ಮ ಓಣಿಯವರು" ಎಂದುಬಿಟ್ಟೆನು. ಅವ್ವನಿಗೆ ಅದು ಕೇಳಿಸಿತು. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ಮಾತಿಲ್ಲದೆ ಹೊರಟುಹೋದಳು. ಆಮೇಲೆ ಅವಳು ನನ್ನ ಶಾಲೆಯ ಕಡೆ ಬರಲಿಲ್ಲ. ಅವಳ ಕೆಲಸದ ವಿಷಯವನ್ನು ನಾನೂ ಕೇಳಲಿಲ್ಲ. ಹೀಗೆ ಇಪ್ಪತ್ತು ವರುಷಗಳು ಸಂದವು.

ಆ ರಾತ್ರಿ ಫೋನು ಮಾಡಿ ಕರವಸ್ತ್ರದ ಕಥೆಯನ್ನು ಹೇಳಿದೆನು. ಅವ್ವ ನಕ್ಕಳು. "ಬರೇ ಅದ್ದಿದ್ರ ಬಣ್ಣ ಹ್ಯಾಂಗ ಹಿಡೀತೈತೋ ಮಗಾ? ಮೊದಲ ಅರಿವಿಗೆ ಅಳಲೆಕಾಯಿ ಉಣಿಸು, ಆಮ್ಯಾಲೆ ಪಟಕದ ನೀರು ಕುಡಿಸು. ಹಸಿದ ಅರಿವಿ ಬಣ್ಣ ಬಿಡಂಗಿಲ್ಲ" ಎಂದಳು. ಕೌದಿ ಹೊಲಿಯುವ ಹಳೆಯ ಬಟ್ಟೆಗಳಿಗೆ ದಾಳಿಂಬೆ ಸಿಪ್ಪೆಯ ಬಣ್ಣ ಕಟ್ಟುವುದನ್ನು ಅವಳು ತನ್ನ ತಾಯಿಯಿಂದ ಕಲಿತಿದ್ದಳಂತೆ. ಅರ್ಧ ಗಂಟೆ ಮಾತನಾಡಿದಳು. ಅವಳಲ್ಲಿ ಅಷ್ಟು ವಿದ್ಯೆ ಇದೆಯೆಂದು ನನಗೆ ತಿಳಿದುದೇ ಅಂದು.

ಅವಳು ಹೇಳಿದುದನ್ನು ನೀವೂ ಬರೆದುಕೊಳ್ಳಿರಿ. 100 ಗ್ರಾಂ ತೂಕದ ಹತ್ತಿಯ ಬಟ್ಟೆಯನ್ನು ಚೆನ್ನಾಗಿ ಒಗೆದು, 20 ಗ್ರಾಂ ಅಳಲೆಕಾಯಿ ಪುಡಿ ಕಲಸಿದ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು ಒಣಗಿಸಬೇಕು. ಬಳಿಕ 15 ಗ್ರಾಂ ಪಟಕ ಕರಗಿಸಿದ ಬಿಸಿನೀರಿನಲ್ಲಿ ನೆನೆಯಿಡಬೇಕು. ಇಲ್ಲಿನ ಅಂಗಡಿಗಳಲ್ಲಿ ಅಳಲೆಕಾಯಿಯನ್ನು 'ಹಿರಡಾ' ಎಂದೂ ಪಟಕವನ್ನು 'ತುರಟಿ' ಎಂದೂ ಕೇಳಿರಿ. ಕೊನೆಗೆ 200 ಗ್ರಾಂ ಚೆಂಡುಹೂವು ಕುದಿಸಿ ಸೋಸಿದ ನೀರಿನಲ್ಲಿ ಸಣ್ಣ ಉರಿಯ ಮೇಲೆ ಒಂದು ಗಂಟೆ ಇಟ್ಟು, ನೆರಳಿನಲ್ಲಿ ಒಣಗಿಸಬೇಕು. ಹಿರಿಯರು ಜೊತೆಯಲ್ಲಿರಲಿ, ಆ ಪಾತ್ರೆಯಲ್ಲಿ ಮತ್ತೆ ಅಡಿಗೆ ಬೇಡ.

ಇದರ ಮರ್ಮವನ್ನು ವಿಜ್ಞಾನವೂ ಹೇಳುತ್ತದೆ. ಹತ್ತಿಯ ಎಳೆಗೂ ಹೂವಿನ ಬಣ್ಣಕ್ಕೂ ತಾವಾಗಿ ನಂಟು ಬೆಳೆಯದು. ಅಳಲೆಕಾಯಿಯ ಒಗರು ಎಳೆಯನ್ನು ಹಿಡಿಯುತ್ತದೆ; ಪಟಕದಲ್ಲಿರುವ ಅಲ್ಯೂಮಿನಿಯಂ ಒಗರನ್ನೂ ಬಣ್ಣವನ್ನೂ ಬೆಸೆಯುತ್ತದೆ. ಈ ಬಗೆಯ ವಿದ್ಯೆ ಬಹು ಪ್ರಾಚೀನವಾದುದು: ನಾಲ್ಕು ಸಾವಿರ ವರ್ಷಗಳ ಹಿಂದಿನ ಮೊಹೆಂಜೊದಾರೊದಲ್ಲಿಯೇ ಕೆಂಪು ಬಣ್ಣ ಕಟ್ಟಿದ ಹತ್ತಿಯ ಬಟ್ಟೆಯ ತುಣುಕು ದೊರೆತಿದೆ. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ಹದಿನೆಂಟರ ತರುಣನು ಕಲ್ಲಿದ್ದಲ ಡಾಂಬರಿನಿಂದ ನೇರಿಳೆ ಬಣ್ಣವನ್ನು ತೆಗೆದನು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ಅಲ್ಲಿಂದ ಗಿಡಮರಗಳ ಬಣ್ಣ ಹಿಂದೆ ಸರಿಯಿತು. ಹಾಗೆಂದು ರಾಸಾಯನಿಕ ಬಣ್ಣವನ್ನು ನಾನು ಹಳಿಯಲಾರೆನು. ಅವ್ವನ ಕೈಗಂಟಿದ್ದುದು ಅದೇ, ನನ್ನನ್ನು ಓದಿಸಿದುದೂ ಅದೇ.

ಎರಡನೆಯ ಕರವಸ್ತ್ರ ಇಂದಿಗೂ ನನ್ನ ಜೇಬಿನಲ್ಲಿದೆ. ಹಲವು ಸಲ ಒಗೆದಿದ್ದೇನೆ. ಬಣ್ಣ ತುಸು ಮಾಸಿದೆ, ಬಿಟ್ಟುಹೋಗಿಲ್ಲ.

ಸಂಕ್ರಾಂತಿಗೆ ಅವ್ವ ಮುಂಬಯಿಗೆ ಬಂದಳು. ಬೇಡವೆಂದರೂ ಬಿಡದೆ ಶಾಲೆಗೆ ಕರೆತಂದೆನು. ಈರುಳ್ಳಿ ಸಿಪ್ಪೆಯಿಂದ ಕಂದು ಬಣ್ಣ ಕಟ್ಟುವುದನ್ನು ಅವಳು ಮಕ್ಕಳಿಗೆ ತೋರಿಸಿಕೊಟ್ಟಳು. ನಲ್ಲಿಯಲ್ಲಿ ಕರವಸ್ತ್ರ ತೊಳೆದಿದ್ದ ಆ ಹುಡುಗಿಯೇ ಕೇಳಿದಳು: "ಸರ್, ಇವರು ಯಾರು?"

"ನನ್ನ ಅವ್ವ" ಎಂದೆನು.

ಅವ್ವ ತಲೆಯೆತ್ತಲಿಲ್ಲ, ಕೋಲಿನಿಂದ ಬಟ್ಟೆಯನ್ನು ತಿರುವುತ್ತಲೇ ಇದ್ದಳು. ಆದರೆ ಅವಳಿಗೆ ಕೇಳಿಸಿತೆಂದು ನಾನು ಬಲ್ಲೆನು.

ಮಕ್ಕಳೇ, ನಿಮ್ಮ ತಂದೆ ಹೋಟೆಲಿನ ಒಲೆಯ ಮುಂದೆ ನಿಲ್ಲುವವರಿರಬಹುದು, ತಾಯಿ ಇಟ್ಟಿಗೆ ಹೊರುವವರಿರಬಹುದು. ಇಂದು ಸಂಜೆ ಅವರ ಕೈಗಳನ್ನು ನೋಡಿರಿ; ಆ ಕೈಗಳು ಕಲಿತುದೇನೆಂದು ಕೇಳಿರಿ. ನನ್ನಂತೆ ಇಪ್ಪತ್ತು ವರುಷ ಕಾಯಬೇಡಿರಿ.